ಶಿಬಿರದ ಶಾಮಿಯಾನ ಕಳಚಿದ ಮೇಲೆ

ವಿದೇಶದ ವೈದ್ಯರ ತಂಡವೊಂದು ಬಂದು ಒಂದು ವಾರದಲ್ಲಿ ನೂರಾರು ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ಮಾಡುವುದೆಂದರೆ ನಮ್ಮ ಬಸದಿಗಳ ಟ್ರಸ್ಟುಗಳು ಹಿಂದುಮುಂದು ನೋಡದೆ ಧನ ನೀಡುತ್ತವೆ. ಔಷಧದಾನವು ಶ್ರಾವಕನ ಚತುರ್ವಿಧ ದಾನಗಳಲ್ಲಿ ಒಂದು, ಸರಿ. ಆದರೆ ದಾನಿಯ ಹೊಣೆ ರಸೀತಿಯೊಡನೆ ಮುಗಿಯಿತೆಂಬ ಭಾವನೆಯನ್ನು ನಾನು ಒಪ್ಪಲಾರೆ.

ಶಸ್ತ್ರಚಿಕಿತ್ಸೆಯಲ್ಲಿ ಕೊಯ್ದ ದಿನಕ್ಕಿಂತ ಹತ್ತನೆಯ ದಿನ ಮುಖ್ಯವಾದುದು. ವಿದುರಾಶ್ವತ್ಥವನ್ನೇ ತೆಗೆದುಕೊಳ್ಳಿ. ನಾಗರಕಲ್ಲುಗಳ ಆ ಕ್ಷೇತ್ರದಲ್ಲಿ ಶಾಮಿಯಾನ ಹಾಕಿದರೆ ರೋಗಿಗಳಿಗೆ ಕೊರತೆಯಾಗದು. ತಂಡ ವಿಮಾನವೇರಿದ ಬಳಿಕ ಹೊಲಿಗೆ ಕೀವುಗಟ್ಟಿದರೆ ಮುದುಕಿಯೊಬ್ಬಳು ಹೋಗಬೇಕಾದುದು ಗೌರಿಬಿದನೂರಿನ ಸರ್ಕಾರಿ ಆಸ್ಪತ್ರೆಗೆ. ಏನನ್ನು ಕೊಯ್ದರು, ಯಾವ ಮದ್ದು ಕೊಟ್ಟರು ಎಂಬ ಚೀಟಿಯೂ ಆಕೆಯ ಬಳಿ ಇಲ್ಲದಿದ್ದರೆ ಅಲ್ಲಿಯ ವೈದ್ಯರೇನು ಮಾಡಬೇಕು? ಕನ್ನಡ, ತೆಲುಗು ಬಿಟ್ಟು ಬೇರೆ ಅರಿಯದವಳು ಇಂಗ್ಲಿಷ್ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾದೀತೆ?

ಪರದೇಶದವರನ್ನಷ್ಟೇ ದೂರುವುದು ಅನ್ಯಾಯ. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ನಡೆದ ನೇತ್ರಶಿಬಿರದಲ್ಲಿ ಪೊರೆ ತೆಗೆಸಿಕೊಂಡ 88 ಜನರಲ್ಲಿ 84 ಜನರ ಕಣ್ಣು ಕೆಟ್ಟಿತು. ವೈದ್ಯರು ನಮ್ಮ ದೇಶದವರೇ. ಕಣ್ಣಿಗೆ ಬಳಸಿದ ಲವಣಜಲವೇ ಸೋಂಕಿನ ಮೂಲವೆಂದು ತಜ್ಞರು ಕಂಡರು. 1989ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಿಸಿತು. ಯಾರಲ್ಲೂ ದುರುದ್ದೇಶವಿರಲಿಲ್ಲ. ಆದರೆ ಪ್ರಮಾದದಿಂದಾದ ಘಾತವನ್ನೇ ಹಿಂಸೆಯೆಂದು ಕರೆಯುವ ನಾವು, ನೀರು ಸೋಸಿ ಕುಡಿಯುವ ನಾವು, ಸದುದ್ದೇಶದ ನೆಪವನ್ನು ಹೇಗೆ ಮನ್ನಿಸೋಣ?

ಶಿಬಿರವಾದಿಗಳು ಡಾ. ಎಂ.ಸಿ. ಮೋದಿಯವರನ್ನು ಮುಂದೊಡ್ಡುತ್ತಾರೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಮಹನೀಯರು ಅವರು. ಆಗ ತಾಲ್ಲೂಕುಗಳಲ್ಲಿ ಕಣ್ಣಿನ ವೈದ್ಯರು ವಿರಳ. ಮೇಲಾಗಿ ಅವರು ಈ ನಾಡಿನವರು, ಹುಡುಕಿಕೊಂಡು ಹೋದರೆ ಸಿಗುವವರು. ಅವರಿಂದ ನಾವು ಕಲಿತದ್ದು ಸಂಖ್ಯೆಯ ಮೋಹವೊಂದನ್ನೇ! ಸೀಳುತುಟಿಯ ಚಿಕಿತ್ಸೆಗೆಂದು 1999ರಲ್ಲಿ ಆರಂಭವಾದ ಸ್ಮೈಲ್ ಟ್ರೈನ್ ಸಂಸ್ಥೆಯಾದರೋ ತಂಡಗಳನ್ನು ಕಳುಹಿಸುವ ಬದಲು ಸ್ಥಳೀಯ ವೈದ್ಯರಿಗೇ ತರಬೇತಿ ಮತ್ತು ಹಣ ನೀಡುವ ಮಾರ್ಗ ಹಿಡಿಯಿತು.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿತು. ಮಡಿದವರೆಷ್ಟೆಂಬ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಶಿಬಿರಗಳ ವರದಿಯಲ್ಲಿ ಕೆಟ್ಟ ಕಣ್ಣುಗಳ ಲೆಕ್ಕಕ್ಕೆ ಅಂಕಣವೇ ಇರುವುದಿಲ್ಲ.

ಟ್ರಸ್ಟಿನ ಮಹನೀಯರು ಮುಂದಿನ ಚೆಕ್ಕಿಗೆ ಸಹಿ ಹಾಕುವ ಮುನ್ನ ವಿದೇಶಿ ವೈದ್ಯರ ತಾತ್ಕಾಲಿಕ ನೋಂದಣಿಯ ಪತ್ರವನ್ನೂ, ಆರು ತಿಂಗಳು ರೋಗಿಗಳನ್ನು ನೋಡಿಕೊಳ್ಳುವ ಸ್ಥಳೀಯ ವೈದ್ಯರ ಹೆಸರನ್ನೂ ಕೇಳಲಿ. ಕೊಡಲಾಗದೆಂದರೆ ಅಷ್ಟೂ ಹಣ ಗೌರಿಬಿದನೂರಿನ ಆಸ್ಪತ್ರೆಗೆ ಹೋಗಲಿ.