ಹಲ್ಲಿನಲ್ಲಿ ಉಳಿಯುವ ನೀರಿನ ಲೆಕ್ಕ

ಹುಣಸಗಿ ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು. ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ತಾಣವದು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿ, ತಾಣದ ಪ್ರಾಯ ಸುಮಾರು 12 ಲಕ್ಷ ವರ್ಷವೆಂದು ಅಂದಾಜಿಸಲಾಯಿತು. ಆ ಪ್ರಾಣಿಗಳ ಮಾಂಸ, ಚರ್ಮಗಳು ಮಣ್ಣಾದವು. ಹಲ್ಲು ಮಾತ್ರ ಉಳಿಯಿತು.

ಹಲ್ಲು ಉಳಿಯಲು ಕಾರಣ, ಅದು ಜೀವಿಯೇ ಕಟ್ಟಿಕೊಂಡ ಖನಿಜ. ಕೃಷ್ಣೆ, ಭೀಮೆಯರ ಮರಳಿನಲ್ಲಿ ಮಕ್ಕಳು ಆಯುವ ಕಪ್ಪೆಚಿಪ್ಪೂ ಅಂಥದೇ. ಆ ಪ್ರಾಣಿಯು ನೀರಿನಲ್ಲಿ ಕರಗಿದ ಸುಣ್ಣದ ಅಂಶವನ್ನು ಹೀರಿ, ತನ್ನ ಮೈಹೊದಿಕೆಯಿಂದ ಸ್ರವಿಸಿ, ಪದರ ಪದರವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪನ್ನು ಕಟ್ಟುತ್ತದೆ. ನಾವು ಮನೆಗೆ ಹಾಸುವ ಪರಸಿ ಕಲ್ಲಿನ ಮುಖ್ಯ ದ್ರವ್ಯವೂ ಇದೇ. ದನಕರುಗಳ ಮತ್ತು ಮನುಷ್ಯರ ಎಲುಬು, ಹಲ್ಲುಗಳಲ್ಲಿ ಕ್ಯಾಲ್ಸಿಯಂ ರಂಜಕದೊಡನೆ ಕೂಡಿ ಅಪಟೈಟ್ ಎಂಬ ಖನಿಜವಾಗುತ್ತದೆ. ಎಲುಬು ಜೀವಂತ ಅಂಗ. ಆಯುಷ್ಯವಿಡೀ ಸವೆದು ಮತ್ತೆ ಕಟ್ಟಿಕೊಳ್ಳುತ್ತದೆ. ಎನಾಮಲ್ ಹಾಗಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುತ್ತವೆ. ಕಟ್ಟುವಾಗ ಆದ ದೋಷ ತಾನಾಗಿ ಸರಿಹೋಗುವುದಿಲ್ಲ.

ನಮ್ಮ ಚಿಂತೆಯ ಮೂಲ ಇಲ್ಲಿದೆ. ಶಹಾಪುರ, ಸುರಪುರ, ಯಾದಗಿರಿಯ ಗುಡ್ಡಗಳ ಗ್ರಾನೈಟ್ ಶಿಲೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವುದು ದಾಖಲಾಗಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಮ್ಮತ. ಬೇರೆ ನೀರಿಲ್ಲದೆಡೆ ಮಾತ್ರ 1.5ರವರೆಗೆ. ಅದಕ್ಕೂ ಮೀರಿದ ನೀರನ್ನು ಎಳೆಯರು ಕುಡಿಯುತ್ತ ಬಂದರೆ, ರೂಪುಗೊಳ್ಳುತ್ತಿರುವ ಎನಾಮಲ್ ಕೆಟ್ಟು ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಉಳಿಯುತ್ತವೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಾನುಗಟ್ಟಲೆ ಕುಡಿದವರ ಎಲುಬಿನಲ್ಲಿ ಫ್ಲೋರೈಡ್ ಶೇಖರವಾಗಿ, ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಇದನ್ನು ಮುಪ್ಪಿನ ನೋವೆಂದು ಸುಮ್ಮನಾಗುವವರಿದ್ದಾರೆ. ಕಲೆಯ ಹಲ್ಲಿನ ಮಗುವನ್ನು ಹಲ್ಲುಜ್ಜದವನೆಂದು ಹೀಯಾಳಿಸುವವರೂ ಇದ್ದಾರೆ. ತಪ್ಪು ಮಗುವಿನದಲ್ಲ.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಪರೀಕ್ಷೆಯೊಂದೇ ದಾರಿ. ಪ್ರತಿ ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಬಾವಿಯ ಬಳಿಯೇ ಎಲ್ಲರೂ ಓದುವಂತೆ ಬರೆಸಬೇಕೆಂದು ಗ್ರಾಮಸಭೆಯಲ್ಲಿ ಒತ್ತಾಯಿಸೋಣ. ಶುದ್ಧೀಕರಣ ಘಟಕಗಳು ಕೆಟ್ಟು ನಿಲ್ಲದಂತೆ ಅವುಗಳ ದುರಸ್ತಿಗೆ ಹೊಣೆಗಾರರನ್ನು ಗೊತ್ತುಪಡಿಸಲಿ. ಮಳೆನೀರಿನ ಸಂಗ್ರಹಕ್ಕೂ ಕೆರೆಗಳ ಹೂಳೆತ್ತುವುದಕ್ಕೂ ಆದ್ಯತೆ ದೊರೆಯಲಿ. ಬಸವಸಾಗರದ ನೀರು ಕಾಲುವೆಗಳಲ್ಲಿ ಹೊಲಗದ್ದೆಗಳಿಗೆ ಹರಿಯುತ್ತಿದೆ. ಶುದ್ಧಗೊಳಿಸಿದ ನದಿನೀರು ಮನೆಯ ಕೊಡಕ್ಕೂ ಬರಬೇಕೆಂಬುದು ದುರಾಸೆಯಲ್ಲ. ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಗಳ ನೀರು ಮೊದಲು ಸರಿಯಾಗಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾಯಲು ಸಮಯವಿಲ್ಲ.

ವಿದ್ಯಾರ್ಥಿ ಮಿತ್ರರು ತಮ್ಮೂರಿನ ಕೊಳವೆಬಾವಿಗಳ ಪಟ್ಟಿಯನ್ನು ಈ ವಾರವೇ ಮಾಡತೊಡಗಲಿ. ಇಂದು ನಮ್ಮ ಮಕ್ಕಳು ಕುಡಿಯುವ ನೀರಿನ ಲೆಕ್ಕವನ್ನು ಅವರ ಹಲ್ಲುಗಳು ಕೊನೆಯವರೆಗೂ ಹೇಳುತ್ತಿರುತ್ತವೆ.