ಬೇಳೆ ತುಟ್ಟಿಯಾದಾಗ

ಸಂಬಳ ನಿಂತಲ್ಲೇ ನಿಂತು ದಿನಸಿಯ ಬೆಲೆ ಮಾತ್ರ ಏರತೊಡಗಿದರೆ, ಬಡ ಸಂಸಾರದ ಕತ್ತರಿ ಬೇಗನೆ ಬೀಳುವುದು ಬೇಳೆಯ ಮೇಲೆ. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಹಲವರಿಗೆ ನೆನಪಿರಬಹುದು. ಇಂಥ ಹೊತ್ತಿನಲ್ಲಿ ಹಿಡಿ ಬೇಳೆಗೆ ಒಂದು ಚೊಂಬು ನೀರು ಹೆಚ್ಚು ಬೀಳುತ್ತದೆ, ಸಾರು ತೆಳುವಾಗುತ್ತದೆ.

ಅನ್ನ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ 100 ಗ್ರಾಂ ಅಕ್ಕಿಯಲ್ಲಿರುವ ಪ್ರೋಟೀನು 7-8 ಗ್ರಾಂ ಮಾತ್ರ. ಬೇಳೆಯಲ್ಲಿ 20 ಗ್ರಾಂಗೂ ಹೆಚ್ಚು. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ತುಂಬಿಕೊಡುವುದೂ ಬೇಳೆಯೇ. ಬೆಳೆಯುವ ಮಕ್ಕಳಿಗೆ ಇದು ತಪ್ಪಬಾರದು.

ಹಾಗಾದರೆ ದಾರಿ? ಬೇಳೆಯನ್ನು ಬಿಡುವುದಲ್ಲ, ಬದಲಿಸುವುದು. ಹುರುಳಿ, ಅಲಸಂದೆಗಳು ಪ್ರೋಟೀನಿನಲ್ಲಿ ತೊಗರಿಗೆ ಸಮನಾಗಿಯೇ ನಿಲ್ಲುತ್ತವೆ. ಅಂಗಡಿಯಲ್ಲಿ ಆ ದಿನ ಯಾವುದು ಅಗ್ಗವೋ ಅದನ್ನೇ ಕೊಳ್ಳಬಹುದು. ಕಾಳನ್ನು ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಮೊಳಕೆ ಬರಿಸಿದರಂತೂ ಒಣಕಾಳಿನಲ್ಲಿ ಇಲ್ಲವೆನ್ನುವಷ್ಟಿದ್ದ 'ಸಿ' ವಿಟಮಿನ್ ಹೆಚ್ಚುತ್ತದೆ. ಮೊಳಕೆ ಹುರುಳಿಯ ಸಾರು, ರಾಗಿಮುದ್ದೆ ನಮ್ಮ ಹಳ್ಳಿಗಳಿಗೆ ಹೊಸತೂ ಅಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ.

ಇದು ಅಡುಗೆಮನೆಯ ಜಾಣತನವೇ ಹೊರತು ಕಡಿಮೆ ಕೂಲಿಗೆ ಪರಿಹಾರವಲ್ಲ. ಕೂಲಿ ಹೆಚ್ಚಬೇಕಾದದ್ದು ಹೆಚ್ಚಲೇಬೇಕು. ಅಲ್ಲಿಯವರೆಗೆ ಮನೆಯವರು ಒಂದನ್ನು ಗಮನಿಸಲಿ: ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ತಾಯಿ. ಸಾರಿನ ಪಾತ್ರೆಯ ತಳದಲ್ಲಿ ಅವಳಿಗೂ ನಾಲ್ಕು ಕಾಳು ಉಳಿದಿರಲಿ.