40 ವರ್ಷದ ಬಳ್ಳಿಗೂ ಟನ್ ಲೆಕ್ಕವೇ?

ನಿನ್ನೆ ಸಂಜೆ ಪಕ್ಕದ ತೋಟದಲ್ಲಿ ಜೆಸಿಬಿ ಸದ್ದು. ಹೋಗಿ ನೋಡಿದ್ರೆ ಎರಡು ಎಕರೆ ಬ್ಲೂ ದ್ರಾಕ್ಷಿ ಬುಡಸಮೇತ ಎತ್ತಿ ಹಾಕ್ತಿದ್ದಾರೆ. ಅವರಪ್ಪ ನೆಟ್ಟ ಬಳ್ಳಿ, ಬುಡ ನನ್ನ ತೊಡೆಯಷ್ಟು ದಪ್ಪ. "ಇಳುವರಿ ಕಮ್ಮಿ ಆಯ್ತಣ್ಣ, ರೇಟೂ ಇಲ್ಲ" ಅಂದ. ಅವನನ್ನ ಬೈಯೋಕೆ ಮನಸ್ಸು ಬರಲಿಲ್ಲ. ಆದ್ರೆ "ಹಳೇ ಬಳ್ಳಿ ಅಂದ್ರೆ ದಂಡ" ಅಂತ ಊರೂರಲ್ಲಿ ಹೇಳ್ಕೊಂಡು ತಿರುಗೋರ ಮೇಲೆ ನನ್ನ ತಕರಾರಿದೆ.

ಆಸ್ಟ್ರೇಲಿಯಾದಲ್ಲೂ ಹಿಂಗೇ ಆಗಿತ್ತು. 1980ರ ದಶಕದಲ್ಲಿ ದ್ರಾಕ್ಷಿ ಜಾಸ್ತಿಯಾಗಿ ರೇಟು ಬಿದ್ದಾಗ ಸರ್ಕಾರವೇ ದುಡ್ಡು ಕೊಟ್ಟು ಬಳ್ಳಿ ಕೀಳಿಸಿತು. ಬರೋಸಾ ಕಣಿವೆಯಲ್ಲಿ ನೂರು ವರ್ಷದ ಶಿರಾಜ್ ಬಳ್ಳಿಗಳೂ ಹೋದವು. ಕೀಳದೆ ಉಳಿಸಿಕೊಂಡೋರ ಮಕ್ಕಳು ಇವತ್ತು ಅದೇ ಬಳ್ಳಿಯ ಹಣ್ಣಿಂದ, ಬೇರೆ ತಳಿ ಬೆರೆಸದೆ, ಕೆಂಪು ವೈನ್ ಮಾಡಿಸಿ ದುಬಾರಿ ಬೆಲೆಗೆ ಮಾರ್ತಾರೆ. 2009ರಲ್ಲಿ ಅಲ್ಲಿ ಬಳ್ಳಿಗೆ ವಯಸ್ಸಿನ ದರ್ಜೆಯನ್ನೇ ಮಾಡಿದ್ರು: 35, 70, 100, 125 ವರ್ಷ. ದಕ್ಷಿಣ ಆಫ್ರಿಕಾದಲ್ಲಂತೂ 35 ದಾಟಿದ ತೋಟದ ಬಾಟಲಿಗೆ ನೆಟ್ಟ ವರ್ಷ ಬರೆದ ಮುದ್ರೆ ಅಂಟಿಸ್ತಾರೆ.

"ನಮ್ಮ ಬ್ಲೂ ಏನು ಶಿರಾಜಾ?" ಅಂತೀರಿ. ಅಲ್ಲ. ಅದರ ಘಾಟು ವಾಸನೆ ವೈನ್ ಪಂಡಿತರಿಗೆ ಆಗಲ್ಲ, ನಿಜ. ಆದ್ರೆ ಆಸ್ಟ್ರಿಯಾದ ಬುರ್ಗೆನ್‌ಲಾಂಡ್‌ನಲ್ಲಿ ಇದೇ ಜಾತಿಯ ಹಣ್ಣಿಂದ ಉಹುಡ್ಲರ್ ಅಂತ ವೈನ್ ಮಾಡ್ತಾರೆ, ಆ ವಾಸನೆಗೇ ಅದು ಹೆಸರುವಾಸಿ. ನಮ್ಮದಕ್ಕೆ 2013ರಲ್ಲೇ ಜಿಐ ಸಿಕ್ಕಿದೆ. ಏನು ಬಂತು? ಹಣ್ಣು ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಹೋಗುತ್ತೆ, ಬಾಟಲಿ ಮೇಲೆ ತೋಟದ ವಯಸ್ಸು ಹುಡುಕಿದ್ರೂ ಸಿಗಲ್ಲ.

ಕಳೆದ ಫಸಲಲ್ಲಿ ನಾನೇ ಅಳೆದೆ. ಅಪ್ಪನ ಕಾಲದ ಸಾಲಲ್ಲಿ 19 ಬ್ರಿಕ್ಸ್, ನಾನು ಆರು ವರ್ಷದ ಹಿಂದೆ ನೆಟ್ಟಿದ್ರಲ್ಲಿ 16. ಕೊಂಡವನು ಎರಡನ್ನೂ ಒಂದೇ ಲಾರಿಗೆ ಸುರಿದು ಒಂದೇ ರೇಟು ಹಾಕಿದ. ಹಳೇ ಬಳ್ಳಿ ಅಂದಮಾತ್ರಕ್ಕೆ ಸಿಹಿ ಬರಲ್ಲ, ಗೊಂಚಲು ಕಮ್ಮಿ ಇದ್ದಿದ್ದಕ್ಕೆ ಬಂತು. ಆ ಕಮ್ಮಿ ಇಳುವರಿಯ ನಷ್ಟವನ್ನ ನಾನೊಬ್ಬನೇ ಯಾಕೆ ಹೊರಬೇಕು?

ನಮ್ಮ ತಪ್ಪೂ ಇದೆ. ಬಣ್ಣ ತಿರುಗಿದ ಕೂಡಲೇ ಕೊಯ್ಯೋರು, ಕೊಯ್ಲಿನ ಹಿಂದಿನ ದಿನ ತೂಕಕ್ಕೆ ನೀರು ಬಿಡೋರು ನಾವೇ. ಹಂಗೆ ಮಾಡ್ಕೊಂಡು ಸಕ್ಕರೆ ನೋಡಿ ದುಡ್ಡು ಕೊಡಿ ಅಂತ ಯಾವ ಬಾಯಲ್ಲಿ ಕೇಳೋದು? ಈ ಸಲ ಹಳೇ ತೋಟದೋರು ಹತ್ತು ಜನ ಸೇರಿ ಹಣ್ಣು ಬೇರೆ ಇಡೋಣ, ಗೇಟಲ್ಲೇ ಅಳೆಸೋಣ, ಬಾಟಲಿ ಮೇಲೆ ತಳಿ ಹೆಸರು, ನೆಟ್ಟ ವರ್ಷ ಕೇಳೋಣ.

ಭಾನುವಾರ ಬೆಳಗ್ಗೆ ತೋಟದಲ್ಲೇ ಇರ್ತೀನಿ, ಮೀಟರ್ ನನ್ನ ಹತ್ರ ಇದೆ. ಜೆಸಿಬಿಗೆ ಅಡ್ವಾನ್ಸ್ ಕೊಟ್ಟಿರೋರೂ ಒಂದು ಗೊಂಚಲು ಹಿಡ್ಕೊಂಡು ಬನ್ನಿ.